ಅಂಪಾರೊ ಆಂಟಿಯ ಶುಕ್ರವಾರದ ಅನ್ನ

ಆ ಅಡುಗೆಯನ್ನು ಕಣ್ಣಾರೆ ಕಾಣದವರು ಅದರ ಕತೆ ಹೇಳಹೊರಡುವುದು ಅಧಿಕಪ್ರಸಂಗವೇ, ಓದುವವರು ಮನ್ನಿಸಬೇಕು. ಹೇಳದೆ ಬಿಟ್ಟರೆ ಹಂಸಾಳ ಬಗ್ಗೆ ಬಾಯಿಗೆ ಬಂದದ್ದು ಆಡುವವರ ಮಾತೇ ಉಳಿದುಬಿಡುತ್ತದೆ.

ಹಂಸಾ ಮೈಸೂರಿನವಳು. ಅಡಿಲೇಡಿನಲ್ಲಿ ಓದುತ್ತ, ಕಿಲ್ಬರ್ನ್‌ನ ಒಂದು ವೃದ್ಧಾಶ್ರಮದಲ್ಲಿ ಊಟ ಮಾಡಿಸುವ ಕೆಲಸಕ್ಕಿದ್ದಳು. ಅಲ್ಲಿದ್ದ ಅಂಪಾರೊ ಆಂಟಿ ಸ್ಪೇನಿನವರು. ಮಗ ಪರ್ತ್‌ನಲ್ಲಿ, ಮಗಳು ಬ್ರಿಸ್ಬೇನಿನಲ್ಲಿ. ಪಾರ್ಶ್ವವಾಯು ಹೊಡೆದು ಗಂಟಲು ಸೋತಿತ್ತು. ರುಬ್ಬಿದ್ದನ್ನು ಬಿಟ್ಟು ಬೇರೇನೂ ಕೊಡುವಂತಿರಲಿಲ್ಲ.

ಈಸ್ಟರಿಗೆ ಮುಂಚಿನ ವ್ರತದ ದಿನಗಳಲ್ಲಿ ಆಂಟಿಯ ಊರಿನವರು ಮಾಂಸ ಮುಟ್ಟುತ್ತಿರಲಿಲ್ಲವಂತೆ. ಅಗಲವಾದ ಮಣ್ಣಿನ ಪಾತ್ರೆಗೆ ಅಕ್ಕಿ, ಕಾಬೂಲಿ ಕಡಲೆ, ಟೊಮೆಟೊ ಹಾಕಿ, ನಟ್ಟನಡುವೆ ಇಡೀ ಬೆಳ್ಳುಳ್ಳಿ ಗಡ್ಡೆ ಕೂರಿಸಿ, ಒಲೆಯೊಳಗಿಟ್ಟು ಬೇಯಿಸುತ್ತಿದ್ದರಂತೆ. ಬೇರೆ ದಿನ ಹಕ್ಕಿಯ ಮಾಂಸ ಇಡುವ ಜಾಗದಲ್ಲಿ ಕೂತ ಆ ಗಡ್ಡೆಯನ್ನು ಕೌಜುಗ ಹಕ್ಕಿ ಎಂದೇ ಕರೆಯುತ್ತಿದ್ದರಂತೆ.

"ಈ ರುಬ್ಬಿದ್ದು ನಾಯಿಗೂ ಬೇಡ. ಗುಡ್ ಫ್ರೈಡೆ ದಿನ ಆ ಅನ್ನ ತರ್ತೀಯಾ, ಮಗಳೇ?"

"ಡಾಕ್ಟರ್ ಬೈತಾರೆ, ಆಂಟಿ."

"ನನಗಿಂತ ಚಿಕ್ಕವನು ಅವನು. ಬೈದ್ರೆ ನಾನೂ ಬೈತೀನಿ."

ಆಂಟಿ ಉಣ್ಣುವುದನ್ನೇ ಕಡಿಮೆ ಮಾಡಿದ್ದರು. ಹಂಸಾಳಿಗೆ ನೋಡಲಾಗಲಿಲ್ಲ, ತರುತ್ತೇನೆಂದಳು.

ಮೈಸೂರಿನ ಅವಳ ಮನೆಯಲ್ಲಿ ಬೆಳ್ಳುಳ್ಳಿ ಹೊಸ್ತಿಲು ದಾಟಿದ್ದಿಲ್ಲ. ಓವನ್ನಿನಿಂದ ಪಾತ್ರೆ ತೆಗೆದಾಗ ರೂಮ್‌ಮೇಟ್ ಸೌಜನ್ಯ ಮೂಗು ಮುಚ್ಚಿಕೊಂಡು, "ನಿಮ್ಮಮ್ಮಂಗೆ ವಿಡಿಯೋ ಕಾಲ್ ಮಾಡ್ಲಾ? ಫೋನಿಗೇ ಗಂಜಲ ಚಿಮುಕಿಸ್ತಾರೆ" ಎಂದಳು.

"ಸುಮ್ನಿರೇ. ಗಂಟಲಿಗೆ ಸಿಕ್ಬಿಟ್ರೆ ಅಂತ ಭಯ ನಂಗೆ."

"ಮೆತ್ತಗೆ ಕಲಸಿ ಕೊಡು. ಅನ್ನ ಯಾರಿಗೆ ಏನ್ ಮಾಡುತ್ತೆ?"

ಹಂಸಾಳಿಗೂ ಅದು ಸರಿಯೆನಿಸಿತು. ಹಲ್ಲು ಬಾರದ ಕೂಸಿಗೂ ಹಾಸಿಗೆ ಹಿಡಿದ ಅಜ್ಜಿಗೂ ಅವರ ಮನೆಯಲ್ಲಿ ಕೊಡುತ್ತಿದ್ದದ್ದು ಕಿವುಚಿದ ಅನ್ನವನ್ನೇ. ಸೋತ ಗಂಟಲಿನಲ್ಲಿ ಅಗುಳು ಉಸಿರಿನ ದಾರಿಗೆ ಇಳಿದು ಶ್ವಾಸಕೋಶ ಕೆಡಬಹುದೆಂದು ಕೆಲಸಕ್ಕೆ ಸೇರುವಾಗ ಹೇಳಿಕೊಟ್ಟದ್ದನ್ನು ಕಿವಿ ಕೇಳಿತ್ತು, ಕೈ ನಂಬಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಬಾಗಿಲು ಮುಂದೆ ಮಾಡಿ, ಕಡಲೆಯ ಸಿಪ್ಪೆ ಸುಲಿದು, ಬೆಂದ ಬೆಳ್ಳುಳ್ಳಿ ಹಿಂಡಿ, ನುಣ್ಣಗೆ ಕಲಸಿ ಕೈತುತ್ತು ಕೊಟ್ಟಳು. ಆಂಟಿ ಕಣ್ಣು ಮುಚ್ಚಿ ನುಂಗಿದರು. ಇನ್ನೊಂದಕ್ಕೆ ಬಾಯಿ ತೆರೆದರು. ಅದು ಇಳಿಯುವಾಗ ಕೆಮ್ಮು ಬಂತು, ಮುಖ ಕೆಂಪೇರಿತು. ಹಂಸಾ ಬೆನ್ನು ನೀವಿದಳು. ಕೆಮ್ಮು ನಿಂತಿತು. ಯಾರನ್ನೂ ಕರೆಯಲಿಲ್ಲ.

ಭಾನುವಾರ ಜ್ವರ ಏರಿತು. ಮಂಗಳವಾರ ಆಂಟಿ ತೀರಿಕೊಂಡರು. ಶ್ವಾಸಕೋಶದ ಸೋಂಕು ಎಂದರು ಡಾಕ್ಟರು.

ಪರ್ತ್‌ನಿಂದ ಬಂದ ಮಗನ ಮುಂದೆ ಹಂಸಾ ಒಂದನ್ನೂ ಮುಚ್ಚಿಡದೆ ಹೇಳಿಬಿಟ್ಟಳು.

"ಅಮ್ಮ ನನ್ನನ್ನೂ ಕೇಳಿದ್ದಳು. ಆಗಲ್ಲ ಅಂದಿದ್ದೆ," ಎಂದಷ್ಟೇ ಹೇಳಿ ಅವನು ಎದ್ದುಹೋದ.

ಬ್ರಿಸ್ಬೇನಿನ ಮಗಳು ಫೋನಿನಲ್ಲೇ ಕೊಲೆಗಾತಿ ಎಂದಳು. ಹಂಸಾಳ ಕೆಲಸ ಹೋಯಿತು. ಅವಳಿಗೀಗ ಅನ್ನ ಕಲಸುವಾಗ ಕೈ ತಡೆಯುತ್ತದೆ, ಚಮಚದಲ್ಲಿ ತಿನ್ನುತ್ತಾಳೆ.

ಆ ಅನ್ನ ಉಣ್ಣುವ ಮುಂಚೆ, ಗುರುವಾರವೇ ಆಂಟಿಗೆ ಒಂದಿಷ್ಟು ಕೆಮ್ಮಿತ್ತು ಎಂದು ಅಲ್ಲಿನವರೊಬ್ಬರು ಹೇಳಿದ್ದುಂಟು. ಪ್ರಾಣ ತೆಗೆದದ್ದು ಆ ಕೆಮ್ಮೋ, ಹಂಸಾಳ ತುತ್ತೋ, ಗೊತ್ತಿಲ್ಲ.