ಹಿತ್ತಲಿನ ಪಾಲು

“ಒಂದೇ ಸೈಟಲ್ಲಿ ಎರಡನೇ ಮನೆ ಕಟ್ಟೋಕೆ ಬಿಡಲ್ಲ ಅಂತಿದ್ದೆಯಲ್ಲ, ಈಗ ಬಿಡ್ತಾರಂತೆ,” ಎಂದಳು ಅಕ್ಕ, ಹೊಲಿಗೆ ಮೆಷಿನ್ ನಿಲ್ಲಿಸದೆಯೇ.

ಊಟಕ್ಕೆ ಕೂತಿದ್ದ ತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. ಮನೆಯ ಹಿಂದೆ ಜಾಗವಿದ್ದವರು ಅಲ್ಲೇ ಒಂದು ಪುಟ್ಟ ಮನೆ ಕಟ್ಟಿಕೊಳ್ಳಲು ಇನ್ನು ಅಡ್ಡಿಯಿಲ್ಲವೆಂದು ನಗರಸಭೆ ನಿಯಮ ಸಡಿಲಿಸಿದ್ದು ಅವನಿಗೂ ಗೊತ್ತಿತ್ತು.

ಅಪ್ಪ ಮನೆ, ಹಿತ್ತಲು ಎರಡನ್ನೂ ಇಬ್ಬರ ಹೆಸರಿಗೂ ಬರೆದು ಕಣ್ಣು ಮುಚ್ಚಿದ್ದರು. ಮದುವೆ ಬೇಡವೆಂದು ಹೊಲಿಗೆಯನ್ನೇ ನೆಚ್ಚಿಕೊಂಡ ಅಕ್ಕನಿಗೆ ಸಿಕ್ಕಿದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಂಥ ಜಾಗ. ಯಾರಾದರೂ ಸ್ನಾನಕ್ಕೆ ಹೊರಟರೆ ಅವಳು ಕಾಲು ಮಡಿಚಿಕೊಳ್ಳಬೇಕು. ನೆಂಟರು ಬಂದರೆ ಮೆಷಿನ್ ಮೇಲೆ ಬೆಡ್‌ಶೀಟ್ ಹೊದಿಸಿ ತಾನೂ ಮೂಲೆ ಸೇರಬೇಕು. ಹಿತ್ತಲಲ್ಲಿ ಬೇರೆ ಇರುತ್ತೇನೆ ಎಂದಾಗಲೆಲ್ಲ ತಮ್ಮ ‘ಕಾನೂನು’ ಎಂಬ ಒಂದೇ ಮಾತಿನಲ್ಲಿ ಅವಳ ಬಾಯಿ ಮುಚ್ಚಿಸುತ್ತಿದ್ದ.

“ಕಾನೂನು ಬಿಟ್ಟರೆ ಆಯ್ತಾ? ಒಡಹುಟ್ಟಿದವಳನ್ನ ಹಿತ್ತಲಿಗೆ ಅಟ್ಟಿದ ಅಂತಾರೆ ಜನ.”

“ಅನ್ನಲಿ ಬಿಡು. ಅಟ್ಟಿಸ್ಕೊಂಡವಳಿಗೇ ಬೇಜಾರಿಲ್ಲ.”

ಒಲೆಯ ಮುಂದಿದ್ದ ತಮ್ಮನ ಹೆಂಡತಿ ಬೆನ್ನು ತಿರುಗಿಸಿ ನಕ್ಕಳು. ಅದು ಅವನನ್ನು ಕೆರಳಿಸಿತು.

“ಅಲ್ಲಿ ಕಾರು ನಿಲ್ಲಿಸಬೇಕು ಅಂತಿದ್ದೆ ನಾನು.”

ಮೆಷಿನ್ ನಿಂತಿತು. “ಹಾಗೆ ಹೇಳು. ಕಾರಿಗೆ ಸೂರು ಬೇಕು, ಅಕ್ಕನಿಗೆ ಬೇಡ.”

“ಮನೆ ಕಟ್ಟೋ ಅರ್ಜಿಗೆ ನಾನಂತೂ ಸಹಿ ಹಾಕಲ್ಲ.”

“ಹಾಕಬೇಡ. ಕೋರ್ಟಿಗೆ ಹೋಗಿ ನನ್ನ ಪಾಲು ಬೇರೆ ಮಾಡಿಸ್ಕೊಂಡು ಕಟ್ತೀನಿ. ಅಷ್ಟೊತ್ತಿಗೆ ತಲೆ ಹಣ್ಣಾದರೂ ಸರಿ.”

ತಮ್ಮ ಮಾತು ಬಿಟ್ಟ. ಅಕ್ಕನೂ ಬಿಟ್ಟಳು. ಮೆಷಿನ್ನಿಗೆ ಬೆಡ್‌ಶೀಟ್ ಹೊದಿಸುವುದನ್ನೂ ಬಿಟ್ಟಳು, ಸ್ನಾನಕ್ಕೆ ಹೊರಟವರಿಗೆ ಕಾಲು ಮಡಿಚುವುದನ್ನೂ ಬಿಟ್ಟಳು. ಒಂದು ಭಾನುವಾರ ನೆಂಟರಾಗಿ ಬಂದ ತಮ್ಮನ ಮಾವ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಅವಳು ಇಡೀ ಒಂದು ತೋಳು ಹೊಲಿದು ಮುಗಿಸುವವರೆಗೆ ಓಣಿಯಲ್ಲಿ ನಿಂತೇ ಇದ್ದರು. “ಏನಪ್ಪಾ, ಇವರಿಗೊಂದು ಜಾಗ ಮಾಡಿಕೊಡಬಾರದಾ?” ಎಂದು ಅಳಿಯನನ್ನು ಕೇಳಿಯೂಬಿಟ್ಟರು. ಮರುದಿನ ತಮ್ಮ ಮುಖ ಗಂಟು ಹಾಕಿಕೊಂಡೇ ಸಹಿ ಹಾಕಿದ.

ಗಾರೆಯವನು ಬಂದು ಹಿತ್ತಲಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದು ಹೋದ. ಸಂಜೆ ಅಕ್ಕ ಆ ಗೆರೆಗಳ ನಡುವೆ ಕುರ್ಚಿ ಹಾಕಿಕೊಂಡು, ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತ ಕೂತಳು. ತಮ್ಮ ಕೈಕಟ್ಟಿಕೊಂಡು ನೋಡುತ್ತ ಬಂದ.

“ಒಬ್ಬಳಿಗೆ ಇಷ್ಟು ಜಾಗ ಸಾಲುತ್ತಾ?” ಎನ್ನುತ್ತ ಗೆರೆ ದಾಟಲು ಕಾಲೆತ್ತಿದ.

“ಅದು ಗೋಡೆ,” ಎಂದಳು ಅಕ್ಕ. “ಬಾಗಿಲು ಆ ಕಡೆ.”

ತಮ್ಮ ಅವಳ ಮುಖ ನೋಡಿದ. ಅಲ್ಲಿ ನಗುವಿರಲಿಲ್ಲ. ಎತ್ತಿದ ಕಾಲನ್ನು ಹಿಂದಕ್ಕಿಟ್ಟು, ಸುತ್ತಿಕೊಂಡು ಹೋಗಿ, ಗೆರೆಯಿಲ್ಲದೆ ಬಿಟ್ಟಿದ್ದ ಜಾಗದ ಮುಂದೆ ನಿಂತ.

ಅಕ್ಕ ಹಲ್ಲಿನಿಂದ ದಾರ ಕಚ್ಚಿ ತುಂಡರಿಸಿ, ಇನ್ನೊಂದು ಗುಂಡಿ ಕೈಗೆತ್ತಿಕೊಂಡಳು.