ಸೀಮೆಸುಣ್ಣದ ಬಾಣ

ಹಿಂದಿನಿಂದ ಅಮ್ಮನ ನಗು ಕೇಳಿಸಿತು. ಸಣ್ಣ ನಗುವಲ್ಲ, ಉಸಿರು ಸಿಗದೆ ಸೈಕಲ್ಲಿನ ಹ್ಯಾಂಡಲ್ ಅಲ್ಲಾಡಿಹೋಗುವಂಥ ನಗು. ಗುಬ್ಬಿ ತಿರುಗಿ ನೋಡಲಿಲ್ಲ. ನೋಡಬಾರದು ಅಂತ ಹಟ. ಹಲ್ಲು ಕಚ್ಚಿಕೊಂಡು ಏರಿನಲ್ಲಿ ಪೆಡಲ್ ತುಳಿದಳು. ರಸ್ತೆಯ ಎರಡೂ ಕಡೆ ಮೊಣಕಾಲೆತ್ತರದ ಕಲ್ಲುಗೋಡೆ, ಗೋಡೆಯಾಚೆ ಗುಡ್ಡದ ನೆತ್ತಿಯವರೆಗೂ ಸಾಲು ಹಿಡಿದ ದ್ರಾಕ್ಷಿ ಬಳ್ಳಿ. ಕೊಯ್ಲು ಇನ್ನೇನು ಶುರುವಾಗುವುದರಲ್ಲಿತ್ತು. ಎಲೆಗಳ ಸಂದಿಯಲ್ಲಿ ಕಪ್ಪು ಗೊಂಚಲು ಜೋತುಬಿದ್ದಿದ್ದವು. ಇದನ್ನೆಲ್ಲ ಅಮ್ಮನಿಗೆ ತೋರಿಸಬೇಕೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವಳು ಗುಬ್ಬಿ. ಈಗ ನೋಡಿದರೆ ಅಮ್ಮನಿಗೆ ದ್ರಾಕ್ಷಿಯೂ ಬೇಡ, ಗುಡ್ಡವೂ ಬೇಡ. ಸೊಸೆ ಹೇಳುವ ನಾಯಿ-ಬೆಕ್ಕಿನ ಕಥೆ ಇದ್ದರೆ ಸಾಕು.

ಸೊಸೆ ಅಂದರೆ ಗುಬ್ಬಿಯ ಅಣ್ಣನ ಹೆಂಡತಿ. ನಾಯಿ-ಬೆಕ್ಕುಗಳ ಡಾಕ್ಟರು. ಪರದೇಶದ ಈ ಪ್ರವಾಸಕ್ಕೆ ಅವಳನ್ನು ಗುಬ್ಬಿ ಕರೆದಿರಲೇ ಇಲ್ಲ. ಅವಳ ಲೆಕ್ಕದಲ್ಲಿ ಇದು ತಾಯಿ-ಮಗಳ ಪ್ರವಾಸ. ಅಪ್ಪ ಹೋದ ಮೇಲೆ ಮನೆ ಬಿಟ್ಟು ಏಳದ ಅಮ್ಮನನ್ನು ಮೋಟಾರು ಇರುವ ಸೈಕಲ್ ಮೇಲೆ ಕೂರಿಸಬೇಕು, ಹಗಲೆಲ್ಲ ವೈನ್ ತೋಟಗಳ ನಡುವೆ ಸುತ್ತಬೇಕು, ಸಂಜೆಗೊಂದು ಹಳೆಯ ಊರಿನಲ್ಲಿ ಇಳಿದು ಅಕ್ಕಪಕ್ಕದ ಮಂಚದಲ್ಲಿ ಮಲಗಿ ಸಾಕಾಗುವಷ್ಟು ಮಾತಾಡಬೇಕು. ಎಲ್ಲ ನಿಗದಿಯಾದ ಮೇಲೆ ಅಣ್ಣ ಫೋನ್ ಮಾಡಿ, "ಇವಳಿಗೂ ರಜಾ ಇದೆ ಕಣೇ, ಕರ್ಕೊಂಡು ಹೋಗು. ನಾನಂತೂ ಸೈಕಲ್ ಹತ್ತಿದ್ರೆ ಮಾರನೇ ದಿನ ಏಳಕ್ಕಾಗಲ್ಲ," ಅಂದ. "ಬರ್ಲಿ ಬಿಡು, ಚೆನ್ನಾಗಿರುತ್ತೆ," ಅಂದುಬಿಟ್ಟಳು ಅಮ್ಮ. ಅಲ್ಲಿಗೆ ಮುಗಿಯಿತು. ಕೋಣೆಗೆ ಮೂರನೇ ಮಂಚ ಬಂತು, ಅಮ್ಮನ ಪಕ್ಕದ ಮಂಚಕ್ಕೆ ಅತ್ತಿಗೆಯ ಚೀಲ ಮೊದಲು ಬಿತ್ತು.

ಇದಕ್ಕೆ ಹೊಟ್ಟೆಕಿಚ್ಚು ಅಂತ ಹೆಸರಿಡಲು ಗುಬ್ಬಿ ಮೊದಮೊದಲು ಒಪ್ಪಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೂತು, "ಈಗ ಕಾಣುತ್ತಾ, ಈಗ?" ಎಂದು ಊರಿನವರ ಕಣ್ಣನ್ನೆಲ್ಲ ಪರೀಕ್ಷೆ ಮಾಡುವವಳು ಅವಳು. ತಾಳ್ಮೆಯೇ ಅವಳ ಕಸುಬು. ಸುಸ್ತಾಗಿದೆ, ಅದಕ್ಕೇ ಸಿಡುಕು ಅಂದುಕೊಂಡಳು. ಆದರೆ ಸುಸ್ತಾದವಳಿಗೆ ನಿದ್ದೆಯಾದರೂ ಬರಬೇಕಿತ್ತಲ್ಲ. ಅತ್ತಿಗೆ ತನ್ನ ಅತ್ತೆಯನ್ನು 'ಅಮ್ಮ' ಎಂದು ಕರೆಯುವುದು ಮದುವೆಯಾದಾಗಿನಿಂದ ಇದ್ದದ್ದೇ. ಇಲ್ಲಿಗೆ ಬಂದ ಮೇಲೆ ಆ ಒಂದೊಂದು 'ಅಮ್ಮ'ವೂ ಶೂ ಒಳಗೆ ಸೇರಿಕೊಂಡ ಕಲ್ಲಿನ ಹಾಗೆ ಚುಚ್ಚತೊಡಗಿತ್ತು. ಅಮ್ಮನೋ, ಸೊಸೆಯ ಫೋನಿನಲ್ಲಿ ಫೋಟೋ ಚೆನ್ನಾಗಿ ಬರುತ್ತದೆಂದು ಅದನ್ನೇ ಕೊರಳಿಗೆ ನೇತುಹಾಕಿಕೊಂಡು ಓಡಾಡುತ್ತಿದ್ದಳು. ಗುಬ್ಬಿಯ ಫೋನ್ ದಾರಿ ನೋಡುವುದಕ್ಕೆ ಮಾತ್ರ.

ಹೋಗಲಿ, ಬಾಣವೊಂದಾದರೂ ತನ್ನದು ಎಂಬ ಸಮಾಧಾನವಿತ್ತು. ಅಮ್ಮ ಟೀಚರಾಗಿದ್ದವಳು. ಶಾಲೆಯ ಬೀಗ ತೆಗೆಯುವ ಕೆಲಸವೂ ಅವಳದೇ ಆದ್ದರಿಂದ ಬೆಳಿಗ್ಗೆ ಮಕ್ಕಳಿಗಿಂತ ಮುಂಚೆ ಹೊರಟುಬಿಡುತ್ತಿದ್ದಳು. ಹಿಂದೆ ಬರುವ ಮಗಳು ಗಲ್ಲಿಗಳಲ್ಲಿ ದಾರಿ ತಪ್ಪಬಾರದೆಂದು ತಿರುವು ತಿರುವಿಗೂ ಸೀಮೆಸುಣ್ಣದಲ್ಲಿ ಒಂದು ಬಾಣ ಬರೆದು ಹೋಗುತ್ತಿದ್ದಳು. ಬಾಣದ ಜಾಗದಲ್ಲಿ ದೊಡ್ಡ ಸೊನ್ನೆಯಿದ್ದರೆ 'ಇಲ್ಲೇ ಕಾಯಿ' ಎಂದರ್ಥ. ಕರೆದುಕೊಂಡು ಹೋಗಲು ಯಾರು ಬರುತ್ತಾರೆ ಅನ್ನುವುದಕ್ಕೆ ಸೊನ್ನೆಯೊಳಗೊಂದು ಗುರುತು: ಕನ್ನಡಕ ಇದ್ದರೆ ಅಮ್ಮ, ಮೀಸೆ ಇದ್ದರೆ ಅಪ್ಪ, ಚೆಂಡು ಇದ್ದರೆ ಅಣ್ಣ. ಗುಬ್ಬಿಗೊಂದು ಗುರುತು ಬೇಕಾಗಿರಲೇ ಇಲ್ಲ. ಮನೆಗೆ ಚಿಕ್ಕವಳು, ಕಾಯುವವಳು ಯಾವಾಗಲೂ ಅವಳೇ. ಈ ಪ್ರವಾಸದಲ್ಲಿ ಮುಂದೆ ಹೋಗುವ ಪಾಳಿ ಗುಬ್ಬಿಯದು. ಮೊದಲ ದಿನವೇ ಅಮ್ಮ ಚೀಲದಿಂದ ಸೀಮೆಸುಣ್ಣ ತೆಗೆದು, ಮುರಿದು, ಅರ್ಧ ಅವಳ ಕೈಗಿಟ್ಟು, "ಈಗ ನೀನು ಟೀಚರು," ಅಂದಿದ್ದಳು. ಇನ್ನರ್ಧ ಅಮ್ಮನ ಚೀಲಕ್ಕೇ ಹೋಯಿತು. ಆ ಚೀಲದಲ್ಲಿ ಸೀಮೆಸುಣ್ಣ ಇಲ್ಲದ ದಿನವೇ ಇಲ್ಲ.

ಆ ಸಮಾಧಾನಕ್ಕೂ ನಿನ್ನೆ ಕಲ್ಲು ಬಿದ್ದಿತ್ತು. ಕೋಟೆಗೋಡೆಯ ಊರೊಂದರಲ್ಲಿ ಗುಬ್ಬಿ ಬ್ರೆಡ್ಡು ತರಲು ಹೋಗಿ ಬರುವಷ್ಟರಲ್ಲಿ ಬಾವಿಕಟ್ಟೆಯ ಪಕ್ಕ ಚಪ್ಪಡಿಯ ಮೇಲೆ ಸೊನ್ನೆ, ಸೊನ್ನೆಯೊಳಗೆ ಕನ್ನಡಕ. ಗುಬ್ಬಿಯ ಮನಸ್ಸು ಹಿಗ್ಗಿಹೋಯಿತು. ಕಾದಳು. ಅಮ್ಮ ಬಂದಾಗ, "ಎಷ್ಟು ವರ್ಷ ಆಗಿತ್ತಲ್ಲಮ್ಮ ನೀನು ಇದನ್ನ ಬರೆದು," ಅಂದಳು.

"ನಾನೆಲ್ಲಿ ಬರೆದೆ. ಅವಳು ಬರೆದದ್ದು," ಅಂದಳು ಅಮ್ಮ, ಸೊಸೆಯ ಕಡೆ ಕೈ ತೋರಿಸಿ. "ಮೊನ್ನೆ ಹೇಳಿಕೊಟ್ಟೆ. ಎಷ್ಟು ಬೇಗ ಕಲಿತುಬಿಟ್ಳು ನೋಡು."

ಗುಬ್ಬಿಗೆ ಮೈಯೆಲ್ಲ ಉರಿದುಹೋಯಿತು. ಹೊಟ್ಟೆಕಿಚ್ಚಲ್ಲದೆ ಇನ್ನೇನು ಇದು, ಅಂದುಕೊಂಡಳು. ಹಾಗೆ ಒಪ್ಪಿಕೊಂಡರೆ ಉರಿ ಕಡಿಮೆಯಾಗುತ್ತದೆ ಅನ್ನುವುದು ಸುಳ್ಳು. ಅವತ್ತು ಊಟದಲ್ಲಿ ಅತ್ತಿಗೆ ಸೂಪಿಗೆ ಉಪ್ಪು ಕೇಳಿದರೂ ಗುಬ್ಬಿ ತನಗೆ ಕೇಳಿಸದ ಹಾಗೆ ಕೂತಿದ್ದಳು.

ಇವತ್ತಿನ ಏರು ಮುಗಿದಲ್ಲಿ ಒಂದು ತೋಟದ ಗೇಟು. ಗೇಟಿನ ಬಳಿ ಕಂದು ನಾಯಿಯೊಂದು ಮುಂಗಾಲೆತ್ತಿಕೊಂಡು ಕುಂಟುತ್ತಿತ್ತು. ಅಷ್ಟು ಸಾಕಾಯಿತು. ಅತ್ತಿಗೆ ಸೈಕಲ್ಲನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತು, ನಾಯಿಯ ತಲೆ ತೊಡೆಗಿಟ್ಟುಕೊಂಡು, ಪಾದ ಬಿಡಿಸಿ ನೋಡಿದಳು. ಗುರ್ರೆನ್ನುತ್ತಿದ್ದ ನಾಯಿ ಅವಳ ಕೈ ತಾಕಿದ್ದೇ ತಣ್ಣಗಾಯಿತು. ಅದಕ್ಕೂ ಇವಳೇ ಬೇಕು, ಅಂದುಕೊಂಡಳು ಗುಬ್ಬಿ. ಒಳಗಿನಿಂದ ತೋಟದವನು ಬಂದ. ಒಳ್ಳೆಯ ಮನುಷ್ಯ. ಅತ್ತಿಗೆಯ ಕಡೆ ನೋಡಿ, ಯಾರು ಇವರು ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದ.

ಅಮ್ಮ ಸೊಸೆಯ ಹೆಗಲ ಮೇಲೆ ಕೈಯಿಟ್ಟು, "ನನ್ನ ಮಗಳು. ಡಾಕ್ಟರು," ಅಂದಳು.

"ಮತ್ತೆ ಇವರು?" ಅವನು ಗುಬ್ಬಿಯ ಕಡೆ ನೋಡಿದ.

"ಇವಳಾ," ಅಂತ ಅಮ್ಮ ನಕ್ಕಳು. "ಇವಳು ನಮಗೆಲ್ಲ ದಾರಿ ತೋರಿಸೋಳು."

ಅವನು ಗೌರವದಿಂದ ತಲೆಬಾಗಿದ, ಕರೆದುಕೊಂಡು ಬಂದ ಗೈಡಿಗೆ ಬಾಗುವ ಹಾಗೆ.

ಅತ್ತಿಗೆ ತಲೆಯೆತ್ತದೆ, "ಮುಳ್ಳು ಆಳಕ್ಕೆ ಹೋಗಿದೆ. ತೆಗೆದು ಬಟ್ಟೆ ಕಟ್ಟಿ ಬರ್ತೀನಿ. ಅಮ್ಮ, ನೀವು ಬಿಸಿಲಲ್ಲಿ ನಿಲ್ಬೇಡಿ, ನಿಧಾನಕ್ಕೆ ಹೋಗ್ತಿರಿ. ಗುಬ್ಬಿ, ಬಾಣ ಹಾಕ್ಕೊಂಡು ಹೋಗು," ಅಂದಳು.

ಗುಬ್ಬಿ ಸೈಕಲ್ ಹತ್ತಿದಳು. ಇಳಿಜಾರಿನಲ್ಲಿ ಕಿವಿಯ ಪಕ್ಕ ಗಾಳಿ ಮೊರೆಯುತ್ತಿತ್ತು, ತಲೆಯೊಳಗೆ ಮಾತ್ರ ಒಂದೇ ಮಾತು. ನನ್ನ ಮಗಳು, ಡಾಕ್ಟರು. ಹೆತ್ತವಳ ಬಾಯಲ್ಲೇ. ಅಮ್ಮ ಬಹಳ ಹಿಂದೆ ಉಳಿದಳು. ಇಳಿಜಾರೆಂದರೆ ಅವಳಿಗೆ ಭಯ, ಬ್ರೇಕು ಹಿಡಿದುಕೊಂಡೇ ಬರುತ್ತಾಳೆ.

ಕೆಳಗೆ, ದನಗಳಿಗೆಂದು ಹಿಂದಿನ ಕಾಲದವರು ಕಟ್ಟಿದ, ಈಗ ಬತ್ತಿಹೋದ ಕಲ್ಲಿನ ತೊಟ್ಟಿಯ ಎದುರು, ರಸ್ತೆ ಎರಡಾಗುತ್ತಿತ್ತು. ಬಲಗಡೆಯದು ಇವತ್ತು ಇಳಿಯಬೇಕಾದ ಹಳೆಯ ಊರಿಗೆ. ಗಡಿಯಾರದ ಗೋಪುರ ಇಲ್ಲಿಂದಲೇ ಕಾಣುತ್ತಿತ್ತು. ಎಡಗಡೆಯದು ಹೊಳೆಯ ಕಡೆ ಇಳಿದು ಎಲ್ಲಿಗೋ ಹೋಗುತ್ತಿತ್ತು. ಗುಬ್ಬಿ ಬಗ್ಗಿ, ರಸ್ತೆಯ ಮೇಲೆ ಬಾಣ ಬರೆದಳು. ಎಡಕ್ಕೆ.

ಅತ್ತಿಗೆ ಸುತ್ತಾಡಿಕೊಂಡು ಬರಲಿ ಬಿಡು, ಹೊಳೆ ನೋಡಿದ ಹಾಗಾಗುತ್ತೆ, ಅಂದುಕೊಂಡಳು. ಒಂದು ಮಧ್ಯಾಹ್ನ. ಅಮ್ಮನ ಜೊತೆ ತಾನೊಬ್ಬಳೇ ಕೂರುವ ಒಂದು ಮಧ್ಯಾಹ್ನ ಸಿಕ್ಕರೆ ಸಾಕು, ಆಮೇಲೆ ಏನಾದರೂ ಆಗಲಿ. ಬಲಗಡೆಯ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ನಿಂತಳು. ಅಮ್ಮ ತೊಟ್ಟಿಯ ಬಳಿ ಬಂದು ಕಾಲು ಊರಿದಾಗ, "ಅಮ್ಮಾ, ಈ ಕಡೆ," ಎಂದು ಕೈ ಬೀಸಿದಳು.

"ನೀನು ನಡಿ, ನೀರು ಕುಡಿದು ಬರ್ತೀನಿ," ಅಂದಳು ಅಮ್ಮ.

ಬಾಣ ಅಮ್ಮನ ಕಣ್ಣಿಗೆ ಬೀಳುವುದಿಲ್ಲ ಎಂಬ ಧೈರ್ಯದಲ್ಲಿ ಗುಬ್ಬಿ ಮುಂದೆ ನಡೆದಳು. ಪ್ರವಾಸಕ್ಕೆ ಹೊರಡುವ ಮುಂಚೆ ಅಮ್ಮನ ಕಣ್ಣು ಪರೀಕ್ಷೆ ಮಾಡಿ, ದೂರದ್ದೂ ಹತ್ತಿರದ್ದೂ ಚೆನ್ನಾಗಿ ಕಾಣುವ ಹಾಗೆ ಹೊಸ ಕನ್ನಡಕ ಕೊಟ್ಟವಳು ತಾನೇ ಅನ್ನುವುದು ಆಗ ಅವಳಿಗೆ ನೆನಪಾಗಲಿಲ್ಲ.

ಊರು ಪ್ರವಾಸಿ ಪುಸ್ತಕದಲ್ಲಿ ಇದ್ದ ಹಾಗೇ ಇತ್ತು. ಕಮಾನು ದಾಟಿದರೆ ಚೌಕ, ಚೌಕದ ಸುತ್ತ ಹಂಚಿನ ಮನೆಗಳು, ಮನೆಗಳ ನೆಲಮಾಳಿಗೆಯಿಂದ ಮರದ ಪೀಪಾಯಿಗಳ ಹುಳಿ ವಾಸನೆ. ನೆರಳಿದ್ದ ಮೇಜು ಹಿಡಿದು ಗುಬ್ಬಿ ಎರಡು ಲೋಟ ವೈನ್, ಬ್ರೆಡ್ಡು, ದ್ರಾಕ್ಷಿ ತರಿಸಿದಳು. ಅಮ್ಮ ಪಕ್ಕದ ಮೇಜಿನಿಂದ ಮೂರನೇ ಕುರ್ಚಿಯೊಂದನ್ನು ಎಳೆದು ಹಾಕಿಕೊಂಡಳು. ಕಮಾನಿಗೆ ಎದುರಾಗಿ ಕೂತಳು.

"ಆ ಗಡಿಯಾರ ನೋಡಮ್ಮ. ಇವತ್ತಿಗೂ ಕೈಯಲ್ಲೇ ಕೀ ಕೊಡ್ತಾರಂತೆ."

"ಹೂಂ."

"ಇಲ್ಲಿ ವೈನು ಸ್ವಲ್ಪ ಒಗರು ಅಲ್ವಾ?"

"ಹೂಂ. ಒಗರು."

ಬೇಕು ಬೇಕು ಅಂದದ್ದು ಕೈಗೆ ಸಿಕ್ಕಿತ್ತು: ಅಮ್ಮ, ತಾನು, ಮಧ್ಯೆ ಒಂದು ಮೇಜು. ಮಾತಿಗೆ ಮಾತು ಕೂಡಲಿಲ್ಲ. ಅಮ್ಮನ ಕಣ್ಣು ಕಮಾನು ಬಿಟ್ಟು ಕದಲಲಿಲ್ಲ. ಅವಳ ಪ್ಯಾಂಟಿನ ಮಂಡಿ ಧೂಳಾಗಿತ್ತು. ಲೋಟ ಹಿಡಿದಲ್ಲಿ ಗಾಜಿನ ಮೇಲೆ ಬೆರಳಿನ ಬಿಳಿ ಗುರುತು.

"ಕೈಗೇನಮ್ಮ ಅದು?"

ಅಮ್ಮ ಕೈ ನೋಡಿಕೊಂಡು ಪ್ಯಾಂಟಿಗೆ ಒರೆಸಿಕೊಂಡಳು.

ಗುಬ್ಬಿಗೆ ತಡೆಯಲಾಗಲಿಲ್ಲ. "ಆ ತೋಟದವನ ಹತ್ರ ಅತ್ತಿಗೇನ ಮಗಳು ಅಂದೆ. ನನ್ನನ್ನ ದಾರಿ ತೋರಿಸೋಳು ಅಂದೆ."

"ಅಂದೆ. ತೋರಿಸೋಳು ನೀನೇ ತಾನೆ."

"ನಂಗೆ ಹೊಟ್ಟೆ ಉರೀತಮ್ಮ. ಬಂದಾಗಿಂದ ಉರೀತಿದೆ."

"ಗೊತ್ತಾಯ್ತು," ಅಂದಳು ಅಮ್ಮ.

ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಜಗಿದು, ಬೀಜ ಕೈಗೆ ತೆಗೆದುಕೊಂಡು ಅಮ್ಮ ಅಂದಳು, "ಚಿಕ್ಕವಳಿದ್ದಾಗ ನೀನು ಸೊನ್ನೆ ಒಳಗೆ ನಿಂತ್ಕೊಂಡು ಅಳ್ತಿದ್ದೆ, ಗೊತ್ತಾ? ಬೀದಿಯವರು ಬಂದು ಹೇಳ್ತಿದ್ರು. ಎಷ್ಟು ಅತ್ರೂ ಗೆರೆ ದಾಟ್ತಿರ್ಲಿಲ್ಲವಂತೆ."

"ಯಾಕೆ ಅಳ್ತಿದ್ದೆ?"

"ಯಾರೂ ಬರಲ್ವೇನೋ ಅಂತ."

"ನೀನು ಬರ್ತಿದ್ದೆಯಲ್ಲ."

"ನಾನು ಬರ್ತಿದ್ದೆ," ಅಂದಳು ಅಮ್ಮ. ಅಷ್ಟೇ. ಇನ್ನೊಂದು ದ್ರಾಕ್ಷಿಗೆ ಕೈ ಹಾಕಿದಳು.

ಗೋಪುರದ ನೆರಳು ಚೌಕದ ಅರ್ಧದವರೆಗೆ ಬಂದಿತ್ತು. ಗುಬ್ಬಿಗೆ ಆಗ ನೆನಪಾಯಿತು. ಅತ್ತಿಗೆಯ ಹತ್ತಿರ ಫೋನಿಲ್ಲ. ಅದು ಇಲ್ಲಿ, ಅಮ್ಮನ ಕೊರಳಲ್ಲಿ. ಅವಳು ಬಾಣ ನಂಬಿ ಹೊಳೆಯ ದಾರಿ ಹಿಡಿದು ಎಷ್ಟು ಹೊತ್ತಾಗಿರಬಹುದು. ಮುಂದಿನ ತಿರುವಿನಲ್ಲಿ ಬಾಣ ಹುಡುಕಿರುತ್ತಾಳೆ. ಅದರ ಮುಂದಿನದರಲ್ಲೂ ಹುಡುಕಿರುತ್ತಾಳೆ.

"ನಾನು ಹೋಗಿ ನೋಡ್ಕೊಂಡು ಬರ್ತೀನಿ," ಅಂತ ಎದ್ದಳು.

"ನೀರಿನ ಬಾಟ್ಲಿ ತಗೊಂಡ್ಹೋಗು. ಅವಳದ್ದು ನನ್ನ ಸೈಕಲ್ಲಲ್ಲೇ ಉಳಿದುಬಿಟ್ಟಿದೆ."

ಬಂದ ದಾರಿಯಲ್ಲಿ ಗುಬ್ಬಿ ಜೀವ ಬಿಟ್ಟು ತುಳಿದಳು. ತೊಟ್ಟಿಯಿಂದ ಆ ಇನ್ನೊಂದು ರಸ್ತೆಗೆ ತಿರುಗುವುದು, ಹೊಳೆಯವರೆಗೆ ಹುಡುಕುವುದು, ಸಿಕ್ಕವರನ್ನೆಲ್ಲ ಕೇಳುವುದು. ಅಣ್ಣನಿಗೆ ಏನು ಹೇಳುವುದು? ಬಾಯಲ್ಲಿ ಒಗರು ವೈನಿನ ರುಚಿ ಹಾಗೇ ಉಳಿದಿತ್ತು.

ಹೊಳೆಯ ದಾರಿಗೆ ತಿರುಗುವ ಪ್ರಮೇಯವೇ ಬರಲಿಲ್ಲ. ಕಲ್ಲು ತೊಟ್ಟಿಯ ಅಂಚಿನಲ್ಲಿ ಅತ್ತಿಗೆ ಕೂತಿದ್ದಳು. ಶೂ ಬಿಚ್ಚಿ ಪಕ್ಕದಲ್ಲಿಟ್ಟಿದ್ದಳು. ಬಿಸಿಲಿಗೆ ಮುಖ ಕೆಂಪಗಾಗಿ, ತುಟಿ ಒಣಗಿತ್ತು.

"ಬಂದ್ಯಾ," ಅಂದಳು. "ನಾಯಿ ಪರವಾಗಿಲ್ಲ. ಎದ್ದು ಓಡಾಡ್ತು."

ಗುಬ್ಬಿ ಬಾಟಲಿ ಚಾಚಿದಳು. "ಅತ್ತಿಗೆ, ನೀವು ಹೊಳೆ ಕಡೆ ಹೋಗ್ಲಿಲ್ವಾ? ಬಾಣ..."

"ಬಾಣ ಆ ಕಡೆನೇ ಇತ್ತು. ಆದ್ರೆ ಪಕ್ಕದಲ್ಲಿ ಇದೂ ಇತ್ತಲ್ಲ." ಅತ್ತಿಗೆ ಬರಿಗಾಲಿನ ಬೆರಳಿನಿಂದ ರಸ್ತೆ ತೋರಿಸಿದಳು.

ಎಡಕ್ಕೆ ತಿರುಗಿದ ಬಾಣದ ಪಕ್ಕದಲ್ಲಿ ದೊಡ್ಡ ಸೊನ್ನೆಯೊಂದಿತ್ತು, ಟೀಚರುಗಳ ಕೈಯ ದುಂಡನೆಯ ಸೊನ್ನೆ. ಮಂಡಿನೋವಿನ ಅಮ್ಮ ನೆಲಕ್ಕೆ ಮಂಡಿಯೂರದೆ ಅದನ್ನು ಬರೆದಿರಲು ಸಾಧ್ಯವಿರಲಿಲ್ಲ. ಸೊನ್ನೆಯೊಳಗೆ ಕನ್ನಡಕವಿರಲಿಲ್ಲ. ಒಂದು ಗುಬ್ಬಿ ಇತ್ತು.

"ಈ ಗುರುತು ಅಮ್ಮ ನಂಗೆ ಹೇಳಿಕೊಟ್ಟಿರ್ಲಿಲ್ಲ," ಅಂದಳು ಅತ್ತಿಗೆ. "ಗೊತ್ತಾಗದೇ ಇರೋಕೇನು. ನೀನು ಬರ್ತೀಯ ಅಂತ ಕೂತೆ."

ಗುಬ್ಬಿ ಬಾಣ ನೋಡುತ್ತ ನಿಂತಳು. "ಅದನ್ನ ಬರೆದದ್ದು ನಾನು."

"ನೀನಲ್ದೆ ಇನ್ಯಾರು." ಅತ್ತಿಗೆ ತಲೆಯೆತ್ತಿ ಗಟಗಟ ನೀರು ಕುಡಿದಳು. ಅರ್ಧ ಬಾಟಲಿ ಖಾಲಿಯಾಯಿತು. ಬಾಯಿ ಒರೆಸಿಕೊಂಡು ಶೂ ಹಾಕಿಕೊಳ್ಳತೊಡಗಿದಳು. "ಅಮ್ಮ ಏನ್ ಮಾಡ್ತಿದ್ದಾರೆ?"

"ನಿಮ್ಮ ದಾರಿ ನೋಡ್ತಿದ್ದಾಳೆ," ಅಂದಳು ಗುಬ್ಬಿ. ಹೇಳುವಾಗ ಹೊಟ್ಟೆಯೊಳಗೆ ಆಗಲೂ ಚುರುಕ್ ಅಂದಿತು.

"ಮಧ್ಯೆ ಒಂದು ಟ್ರ್ಯಾಕ್ಟರ್ ಹಾದುಹೋಯ್ತು ಕಣೆ," ಅತ್ತಿಗೆ ಲೇಸು ಬಿಗಿಯುತ್ತ ಹೇಳಿದಳು. "ಹಕ್ಕಿ ಬಾಲ ಪೂರ್ತಿ ಅಳಿಸಿಹೋಯ್ತು. ನನ್ನ ಹತ್ರ ಸೀಮೆಸುಣ್ಣ ಎಲ್ಲಿಂದ ಬರ್ಬೇಕು. ಹಂಚಿನ ಚೂರು ಸಿಕ್ತು, ಅದ್ರಲ್ಲೇ ಬರೆದೆ. ಬಾಲ ಇಲ್ದಿದ್ರೆ ಕೋಳಿಮರಿ ಥರ ಕಾಣ್ತಿತ್ತು."

ಗುಬ್ಬಿ ಬಗ್ಗಿ ನೋಡಿದಳು. ಕೊಕ್ಕು, ಕಣ್ಣು, ಹೊಟ್ಟೆ ಅಮ್ಮನ ಕೈಯ ಬಿಳಿ ಗೆರೆ. ಬಾಲ ಮಾತ್ರ ಕೆಂಪಗೆ, ಸ್ವಲ್ಪ ಉದ್ದವಾಗಿ, ಸೊನ್ನೆಯ ಗೆರೆ ದಾಟಿ ಆಚೆ ಬಂದಿತ್ತು.

ಅತ್ತಿಗೆ ಸೈಕಲ್ ಹತ್ತಿ ಬಲಗಡೆಯ ರಸ್ತೆಗೆ ತಿರುಗಿದಳು. ಗುಬ್ಬಿ ತನ್ನ ಸೈಕಲ್ಲನ್ನು ಸೊನ್ನೆಯ ಮೇಲೆ ಹಾಯಿಸದೆ, ರಸ್ತೆಯ ಅಂಚಿನವರೆಗೆ ತಳ್ಳಿಕೊಂಡು ಹೋಗಿ, ಸುತ್ತಿ ಬಂದು, ಹತ್ತಿ, ಅವಳ ಹಿಂದೆ ಹೊರಟಳು.