ಸೋರೆಕಾಯಿ ಮೀನಲ್ಲ

ತಾಂಡೇಲ್ ಮಾವನ ಬಂದೂಕಿನಲ್ಲಿ ಗುಂಡಿಲ್ಲ, ಭರ್ಜಿಯಿದೆ. ಕೊಳವೆಯೊಳಗೆ ಪಂಪಿನಿಂದ ಗಾಳಿ ತುಂಬಿಟ್ಟಿರುತ್ತದೆ. ನೀರಿನಲ್ಲಿ ನಿಂತು ಭರ್ಜಿಯನ್ನು ನಳಿಕೆಗೆ ತುರುಕಿ, ಒಳಗಿನ ಗಾಳಿ 'ಒಲ್ಲೆ, ಒಲ್ಲೆ' ಎಂದರೂ ಒತ್ತಿ, ಒಳತುದಿಯ ಕೊಕ್ಕೆಗೆ ಸಿಕ್ಕಿಸಬೇಕು. ಆಮೇಲೆ ಬಂದೂಕಿನ ಕುದುರೆ ಎಳೆದರೆ ಗಾಳಿ ತನ್ನ ಸಿಟ್ಟನ್ನೆಲ್ಲ ಮೀನಿನ ಮೇಲೆ ತೀರಿಸಿಕೊಳ್ಳುತ್ತದೆ.

ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿಯುತ್ತಿದ್ದಾಗ ಇಟಲಿಯ ಯಾವುದೋ ಬಂದರಿನಲ್ಲಿ ಅವರು ಅದನ್ನು ಕೊಂಡಿದ್ದರು. ನಿವೃತ್ತರಾದ ಮೇಲೆ ಚಳಿಗಾಲದಲ್ಲಿ ಸಮುದ್ರದ ಇಳಿತದ ಹೊತ್ತು ಬಾಂದ್ರಾದ ಬಂಡೆಗಳ ನಡುವೆ ಉಸಿರು ಕಟ್ಟಿ ಮುಳುಗುವುದು, ಒಂದು ಗೋಬ್ರಾ ಮೀನು ಹೊಡೆದು ತರುವುದು, ಇದೇ ಅವರ ದಿನಚರಿ. ಹೋದ ವರ್ಷ ಬಲಭುಜದ ಆಪರೇಶನ್ ಆಯಿತು. ಈ ಸಲ ನೀರಿಗಿಳಿದವರು ಭರ್ಜಿ ಅರ್ಧ ಹೋಗುವಷ್ಟರಲ್ಲಿ ಕೈಸೋತು ಹಿಂತಿರುಗಿದರು. ಅಂದಿನಿಂದ ಮನೆ ಬಿಟ್ಟು ಹೊರಗೆ ಬಂದಿಲ್ಲ. ಮಾರ್ಕೆಟ್ಟಿನ ಮೀನು ತಂದಿಟ್ಟರೆ ತಟ್ಟೆ ಸರಿಸುತ್ತಿದ್ದರು. ಮೈ ಇಳಿಯುತ್ತಾ ಬಂತು.

ಮಗಳು ಸ್ನೇಹಲ್ ಒಂದು ಸಂಜೆ ಆ ಬಂದೂಕನ್ನು ತಂದು ಗಂಡನ ಮುಂದಿಟ್ಟಳು. "ನೀ ಇಂಜಿನಿಯರ್ ಇದ್ದೀ ನಾ? ಪಪ್ಪಾಗೆ ಲೋಡ್ ಮಾಡಾಕ ಆಗೋ ಹಾಂಗ ಮಾಡು. ಅವರು ಮತ್ತ ಪಾನೀ ಮೇ ಇಳೀಬೇಕು. ನಹೀಂ ತೋ..." ಮುಂದಿನದನ್ನು ಅವಳು ಯಾವ ಭಾಷೆಯಲ್ಲೂ ಹೇಳಲಿಲ್ಲ.

ಗಂಡ ಶ್ರೀಶೈಲ ವಿಜಯಪುರದವನು. ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಕಂಪ್ರೆಸರ್ ವಿಭಾಗ. ಅಕ್ಷರಶಃ ಒತ್ತಡದ ಕೆಲಸ. ಈಜು ಬಾರದು. ಮೀನು ತಿನ್ನುವ ಮನೆತನವಲ್ಲ, ಮೀನಮೇಷ ಎಣಿಸುವ ಮನೆತನ. ಆದರೆ ಈ ಸಲ ಅವನು ಎಣಿಸಲಿಲ್ಲ. ಬಂದೂಕಿನ ಗಾಳಿಯನ್ನು ಮೂರರಲ್ಲೊಂದು ಪಾಲು ಇಳಿಸಿದ. ಗಾಳಿ ಇಳಿದರೆ ಭರ್ಜಿಯ ಜೋರೂ ಇಳಿಯುತ್ತದೆ. ಅದಕ್ಕಾಗಿ ನಳಿಕೆಯ ಬಾಯಿಗೆ ರಬ್ಬರಿನ ಉಂಗುರ ಕೂರಿಸಿ ಒಳಗೆ ನೀರು ನುಗ್ಗದಂತೆ ಮಾಡಿದ. ನಳಿಕೆಯ ನೀರನ್ನು ಹೊರದಬ್ಬುವ ಶ್ರಮ ತಪ್ಪಿದರೆ ಕಡಿಮೆ ಗಾಳಿಯೇ ಸಾಕಾದೀತು ಎಂಬುದು ಅವನ ಲೆಕ್ಕ.

"ಗಾಳಿ ಕಮ್ಮಿ ಮಾಡಿದ್ದು ಪಪ್ಪಾಗೆ ಹೇಳಬ್ಯಾಡ. ಉಂಗುರದ ಕಮಾಲ್ ಅಂತ ಹೇಳು," ಎಂದಳು ಸ್ನೇಹಲ್.

ಪರೀಕ್ಷೆಗೆ ಜಾಗ ಕೊಟ್ಟವನು ಗೆಳೆಯ ಶರಣಬಸಪ್ಪ. ಅವನು ಸೂಪರ್‌ವೈಜರ್ ಆಗಿದ್ದ ಹೊಸ ಬಿಲ್ಡಿಂಗಿನಲ್ಲಿ ಈಜುಕೊಳ ಸೋರುತ್ತದೆಯೇ ನೋಡಲು ನೀರು ತುಂಬಿಸಿದ್ದರು. ಗುರಿಗೆ ಒಂದು ಸತ್ತ ಮೀನು ಒಯ್ಯಿ ಎಂದು ಸ್ನೇಹಲ್ ಹೇಳಿದ್ದಳು.

"ಮೀನು? ನನ್ನ ಬ್ಯಾಗಿನಾಗ?" ಎಂದಿದ್ದ ಶ್ರೀಶೈಲ. "ಅವ್ವಗ ವಾಸನಿ ಬಂತಂದ್ರ ಬ್ಯಾಗ್ ಅಷ್ಟ ಅಲ್ಲ, ನನ್ನೂ ಒಗದು ಒಣಗ ಹಾಕ್ತಾಳ."

ಹೀಗಾಗಿ ಮೀನಿನ ಪಾತ್ರ ಸೋರೆಕಾಯಿಗೆ ಬಂತು. ಕಲ್ಲು ಕಟ್ಟಿ ಇಳಿಬಿಟ್ಟರೆ ಅದೂ ನೀರೊಳಗೆ ಗಂಭೀರವಾಗಿ ನಿಂತಿತು. ಶ್ರೀಶೈಲ ಮೆಟ್ಟಿಲ ಮೇಲೆ ಎದೆಮಟ್ಟ ನೀರಿನಲ್ಲಿ ಕಂಬಿ ಹಿಡಿದು ನಿಂತು ಗುರಿಯಿಟ್ಟ. ದಂಡೆಯಿಂದ ಶರಣಬಸಪ್ಪ ಲೋಕಲ್ ಟ್ರೇನಿನಲ್ಲಿ ಮುಂದಿನ ಸ್ಟೇಶನ್ ಸಾರುವ ಹೆಣ್ಣುದನಿ ತೆಗೆದ: "ಪುಢೀಲ್ ಸ್ಟೇಶನ್... ಸೋರೆಕಾಯಿ. ಅಗಲಾ ಸ್ಟೇಶನ್... ಸೋರೆಕಾಯಿ. ಪ್ರಯಾಣಿಕರು ದಯಮಾಡಿ ಅಡ್ಡ ನಿಂದ್ರಬಾರದು."

"ನಗಸಬ್ಯಾಡಲೇ, ಕೈ ನಡಗತೈತಿ!"

ಭರ್ಜಿ ಕಾಯಿಯ ಈ ಕಡೆಯಿಂದ ಆ ಕಡೆಗೆ ಹೋಯಿತು. ಕಾಯಿಯನ್ನು ದೂರ ಸರಿಸಿ ಹೊಡೆದ, ಆರಪಾರ. ಇನ್ನೂ ದೂರಕ್ಕಿಟ್ಟಾಗಲೂ ಭರ್ಜಿಮೊನೆಯ ಮುಳ್ಳು ತಿರುಳಿನಲ್ಲಿ ಭದ್ರವಾಗಿ ಕಚ್ಚಿತ್ತು.

"ಪಾಸಾತು ಬಿಡೋ ಗುರೂ! ನಿಮ್ಮ ಮಾವ ಇನ್ನ ಭಾಜಿಯಂಗಡಿ ಇಡಬಹುದು," ಎಂದ ಶರಣಬಸಪ್ಪ.

ರಾತ್ರಿ ಅಡಿಗೆಮನೆಯಲ್ಲಿ ತಾಯಿ ಚನ್ನವ್ವ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದೇನಲೇ, ತೂತಬಿದ್ದಿದ್ದು ತಂದಿ? ಭಾಜಿಯಾಂವ ನಿನ್ನ ಮಾರಿ ನೋಡೇ ಕೊಡ್ತಾನ ನೋಡು."

ರವಿವಾರ ಬೆಳಿಗ್ಗೆ ಇಳಿತಕ್ಕೆ ಮಾವ, ಮಗಳು, ಅಳಿಯ ಮೂವರೂ ಬಂಡೆಗಳ ಕಡೆ ಹೋದರು. ಮಾವ ಸೊಂಟಮಟ್ಟ ನೀರಿನಲ್ಲಿ ನಿಂತು ಭರ್ಜಿ ಒತ್ತಿದರು. ಮೊದಲ ಒತ್ತಿಗೇ ಟಕ್ಕೆಂದು ಕೂತಿತು. ಸ್ನೇಹಲ್ ಚಪ್ಪಾಳೆ ತಟ್ಟಿದಳು. ಮಾವ ಬಂದೂಕನ್ನೂ ಮಗಳನ್ನೂ ನೋಡಿದರು. ಹಡಗಿನಲ್ಲಿ ಕಾರವಾರದ ಅಡಿಗೆಯವನಿಂದ ಕಲಿತ ಕನ್ನಡದಲ್ಲಿ, "ಹಲ್ಕಾ ಆಯ್ತಲ್ಲ, ಪೂರಾ ಹಗುರ, ಜಾವಾಯಿಬಾಪು," ಎಂದರು ಅಳಿಯನಿಗೆ.

"ಉಂಗುರದ ಕಮಾಲ್, ಮಾವ."

ಅವರು ಮುಳುಗಿದರು. ಅವರು ಎಲ್ಲಿದ್ದಾರೆಂದು ಹೇಳುವುದು ಬಂದೂಕಿನ ಹಗ್ಗಕ್ಕೆ ಕಟ್ಟಿದ ಕೇಸರಿ ತೇಲುಬುರುಡೆ ಮಾತ್ರ. ಶ್ರೀಶೈಲನಿಗೆ ಅದನ್ನು ನೋಡುತ್ತ ನಿಲ್ಲುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಬುರುಡೆ ಒಮ್ಮೆ ಜೋರಾಗಿ ಜಗ್ಗಿತು. ಸ್ನೇಹಲ್ ಅವನ ತೋಳು ಹಿಡಿದಳು. ಬುರುಡೆ ಸುಮ್ಮನಾಯಿತು.

ಮಾವ ಮೇಲೆ ಬಂದು ಭರ್ಜಿ ಎಳೆದುಕೊಂಡರು. ತುದಿಯಲ್ಲಿ ಮೀನಿನ ಒಂದು ಸಣ್ಣ ಹುರುಪೆ, ಸ್ವಲ್ಪ ರಕ್ತ. ಅಷ್ಟೇ.

"ಟೆಸ್ಟ್ ಮಾಡಿದ್ದೆ ಹೌದೋ? ಯಾವ ಮೀನಿನ ಮೇಲೆ?"

ಶ್ರೀಶೈಲ ಬಂಡೆ ನೋಡಿದ. "ಸೋರೆಕಾಯಿ, ಮಾವ."

"ಕಾಯ್? ಏನು?"

"ದೂಧಿ, ಪಪ್ಪಾ," ಎಂದಳು ಸ್ನೇಹಲ್, ದನಿ ಇಳಿಸಿ.

ಮಾವ ಜೋರಾಗಿ ನಕ್ಕರು. ನಗು ಅಲ್ಲೇ ನಿಂತಿತು. "ದೂಧಿಗೆ ಎಲುಬು ಎಲ್ಲಿದೆ ಮಾರಾಯಾ? ಅದು ಒದ್ದಾಡ್ತದೋ? ನಂದು ಗೋಬ್ರಾ ಗಾಯ ಹೊತ್ಕೊಂಡು ಬಿಲಕ್ಕೆ ಹೋಯ್ತು. ಈಗ ಒಳಗೇ ಸಾಯ್ತದೆ. ಆಜ್‌ಪರ್ಯಂತ್ ಒಂದು ಮೀನೂ ನಾನು ಹಾಗೆ ಬಿಟ್ಟಿಲ್ಲ." ಬಂದೂಕನ್ನು ಅಳಿಯನ ಕೈಗಿತ್ತರು. "ಉಂಗುರ ಒಳ್ಳೇದು, ಇರಲಿ. ಗಾಳಿ ಮೊದಲಿನಷ್ಟೇ ತುಂಬು. ಕಮ್ಮಿ ಮಾಡಿದ್ದು ಒತ್ತಿದಾಗಲೇ ಗೊತ್ತಾಯ್ತು."

"ಆಗ ಯಾಕ ಹೇಳಲಿಲ್ರಿ?"

"ಅವಳು ಖುಷಿಯಲ್ಲಿ ಇದ್ದಳಲ್ಲ."

ಸ್ನೇಹಲ್ ಮುಖ ತಿರುಗಿಸಿದಳು.

"ಗಾಳಿ ತುಂಬಿದ್ರ ನಿಮಗ ಲೋಡ್ ಆಗೂದಿಲ್ಲ, ಮಾವ."

"ನನಗೆ ಆಗೋದಿಲ್ಲ. ನಿನಗೆ ಆಗ್ತದೆ. ನೀನು ಲೋಡ್ ಮಾಡಿ ಕೊಡು, ನಾನು ಆ ದೂರದ ಬಿಲದ ತನಕ ಹೋಗಿ ಬರ್ತೇನೆ."

"ಪಪ್ಪಾ, ಲೋಡ್ ಮಾಡಿದ ಬಂದೂಕ್ ಹಿಡಕೊಂಡು ಅಷ್ಟು ದೂರ ಈಜೋದು? ಪಾಗಲ್ ಹೋ ಕ್ಯಾ?" ಅವಳು ಗಂಡನ ಕಡೆ ತಿರುಗಿದಳು. "ನೀ ಹೇಳು ನಾ!"

ಶ್ರೀಶೈಲ ಲೆಕ್ಕ ಹಾಕಿದ. ಗಾಳಿ ಇಳಿಸಿದರೆ ಭರ್ಜಿ ಮೀನಿಗೆ ನಾಟುವುದಿಲ್ಲ, ಏರಿಸಿದರೆ ಮಾವನ ಭುಜ ತಾಳುವುದಿಲ್ಲ. ಬೇಡವೆಂದರೆ ಮತ್ತೆ ಅದೇ ಮನೆ, ಸರಿಸಿದ ಅದೇ ತಟ್ಟೆ. ಚೀಲದಿಂದ ಕೈಪಂಪು ತೆಗೆದು ಬೆವರಿಳಿಯುವವರೆಗೆ ಹೊಡೆದ. ನೀರಿನ ಹೊರಗೆ ಭರ್ಜಿ ಏರಿಸುವಂತಿಲ್ಲ. ಆದ್ದರಿಂದ ಬಂಡೆ ಇಳಿದು, ಮೊಣಕಾಲುಮಟ್ಟ ನೀರಿನಲ್ಲಿ ನಿಂತು, ನಳಿಕೆಯನ್ನು ಸಮುದ್ರದ ಕಡೆಗೆ ಮುಳುಗಿಸಿ ಮೈಭಾರವೆಲ್ಲ ಹಾಕಿ ಒತ್ತಿದ. ಟಕ್ಕೆಂದಿತು.

ಮಾವ ಎಡಗೈಯಲ್ಲಿ ಇಸಿದುಕೊಂಡರು. "ಇಲ್ಲೇ ನಿಂತಿರು. ತಪ್ಪಿದರೆ ಮತ್ತೆ ನಿನ್ನ ಹತ್ತಿರವೇ ಬರಬೇಕು ನಾನು."

ಅವರು ಹೋದರು. ಗಾಯದ ಮೀನು ಹೊಕ್ಕ ಬಿಲ ದೂರದ ಬಂಡೆಯ ಆಚೆಗಿತ್ತು. ಬುರುಡೆ ಮೆಲ್ಲಗೆ ಆ ಬಂಡೆಯನ್ನು ಬಳಸಿ ಮರೆಯಾಯಿತು. ಇಳಿತ ಮುಗಿದು ನೀರು ಏರತೊಡಗಿತ್ತು. ಮೊಣಕಾಲಿಗಿದ್ದದ್ದು ತೊಡೆಗೆ ಬಂತು. ಹಿಂದೆ ಸರಿದರೆ ಮಾವ ಬಂದಾಗ ಕೈಗೆ ಸಿಗುವುದಿಲ್ಲ, ಮುಂದೆ ಹೋಗಲು ಈಜು ಬರುವುದಿಲ್ಲ. ಪಾದದಡಿಯ ಪಾಚಿ ಜಾರುತ್ತಿತ್ತು. ಅವನು ಬೆರಳುಗಳಿಂದ ಬಂಡೆಯ ಸೀಳನ್ನು ಹಿಡಿದು ನಿಂತ.

ಮೇಲಿನ ಬಂಡೆಯಿಂದ ಸ್ನೇಹಲ್ ಒಮ್ಮೆ ಅಪ್ಪನನ್ನು, ಒಮ್ಮೆ ಇವನನ್ನು ಕೂಗುತ್ತಿದ್ದಳು.